ಬಿಸಿಲಿಗೆ ಸಿಕ್ಕ ಬಾಟಲಿಗಳು

ಮಿರಜ್

ನೀರು ತರುವುದಕ್ಕೆ ಕೊಲ್ಹಾಪುರಕ್ಕೆ ಹೋಗುತ್ತೇನೆ ಎಂದಾಗ ಅಮ್ಮ ನಂಬಲಿಲ್ಲ. ಮನೆಯ ನಲ್ಲಿಯಲ್ಲಿ ಎರಡು ಹೊತ್ತೂ ಕಾವೇರಿ ಬರುತ್ತಿರುವಾಗ ಇವಳಿಗೆ ಏನಾಯಿತು ಎಂಬಂತೆ ನನ್ನ ಮುಖ ನೋಡಿ, "ಹೋಗಲಿ, ಮಹಾಲಕ್ಷ್ಮಿ ದರ್ಶನವಾದರೂ ಆಗುತ್ತೆ" ಎಂದು ಸಮಾಧಾನ ಮಾಡಿಕೊಂಡಳು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಾನಾಗ ಮೈಸೂರಿನ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಸಹಾಯಕಿ. ವಯಸ್ಸು ಮೂವತ್ತನಾಲ್ಕು. ಹನ್ನೊಂದು ವರ್ಷ ಗಾಜಿನ ನಳಿಗೆಗಳನ್ನು ತೊಳೆದು, ಬೇಯಿಸಿ, ಜೋಡಿಸಿಟ್ಟವಳು. ನಮ್ಮ ಪ್ರೊಫೆಸರಿಗೆ ಒಂದು ಪ್ರಶ್ನೆ ಅಂಟಿಕೊಂಡಿತ್ತು. ಹೊಲಕ್ಕೆ ಹಾಯಿಸುವ ನೀರಿನಲ್ಲಿ ರೋಗ ತರುವ ಕ್ರಿಮಿಗಳು ಯಾವಾಗ ಹೆಚ್ಚುತ್ತವೆ, ಯಾವಾಗ ಸಾಯುತ್ತವೆ? ಬಿಸಿಲು, ಚಳಿ, ಕೆಸರು, ಹರಿವು, ಇವುಗಳಲ್ಲಿ ಯಾವುದಕ್ಕೆ ಅವು ಬಗ್ಗುತ್ತವೆ? ಕಾವೇರಿ ಬಯಲಿನ ನೀರನ್ನು ನೋಡಿದ್ದಾಗಿತ್ತು. ಪಂಚಗಂಗೆ, ಹಿರಣ್ಯಕೇಶಿಗಳ ಕಡೆಯದೂ ಬೇಕೆಂದು ಕೊಲ್ಹಾಪುರದ ಹಳೆಯ ಗೆಳೆಯರಿಗೆ ಬರೆದು ಎಲ್ಲ ಗೊತ್ತುಮಾಡಿದ್ದರು. ಹೊರಡಬೇಕಾದ ವಾರವೇ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡರು.

"ನೀವೇ ಹೋಗಿ ಬನ್ನಿ ವಿಮಲಾ. ಬಾಟಲಿ ತುಂಬಿಸೋದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು," ಎಂದರು.

ಅದು ನಿಜವೂ ಆಗಿತ್ತು. ಅದಕ್ಕೇ ಮುಂದೆ ನಡೆದದ್ದನ್ನು ನೆನೆದರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ.

ಮಿರಜಿನಲ್ಲಿ ಗಾಡಿ ಬದಲಿಸಬೇಕಿತ್ತು. ನನ್ನ ಬಳಿ ಎರಡು ಪೆಟ್ಟಿಗೆ. ಒಂದು ಮರದ್ದು, ಅದರ ತುಂಬ ಖಾಲಿ ಗಾಜಿನ ಬಾಟಲಿಗಳು. ಕ್ರಿಮಿಗಳೆಲ್ಲ ಸಾಯುವಂತೆ ಬಿಸಿ ಮಾಡಿ, ಒಂದೊಂದರ ಬಾಯಿಗೂ ಖಾಕಿ ಕಾಗದದ ಟೋಪಿ ಕಟ್ಟಿದ್ದೆ. ಇನ್ನೊಂದು ತಗಡಿನದು, ತುಂಬಿದ ಬಾಟಲಿಗಳನ್ನು ಮಂಜುಗಡ್ಡೆಯ ನಡುವೆ ಇಟ್ಟು ಒಯ್ಯುವುದಕ್ಕೆ. ಪ್ಲಾಟ್‌ಫಾರಂ ಮೇಲೆ ಒಬ್ಬ ಪೊಲೀಸಿನವನು ಬಂದು ಲಾಠಿಯಿಂದ ತಟ್ಟಿ, "ಕಾಯ್ ಆಹೇ ಹ್ಯಾತ?" ಎಂದ. ಒಳಗೇನಿದೆ ಎಂದು ಕೇಳುತ್ತಿದ್ದಾನೆ ಎಂಬಷ್ಟು ನನಗೂ ತಿಳಿಯಿತು.

"ಏನೂ ಇಲ್ಲ. ಖಾಲಿ ಬಾಟಲಿ."

ಖಾಲಿ ಬಾಟಲಿ ಹೊತ್ತು ಊರಿಂದೂರಿಗೆ ತಿರುಗುವ ಹೆಂಗಸನ್ನು ಅವನು ಎಂದೂ ಕಂಡಿರಲಿಲ್ಲ. ಒಂದರ ಟೋಪಿ ಬಿಚ್ಚಿ ಮೂಸಿ ನೋಡಿದ. ಮದ್ಯದ ವಾಸನೆ ಬರಲಿಲ್ಲ. ತಗಡಿನ ಪೆಟ್ಟಿಗೆಯ ಮುಚ್ಚಳ ಬಿಗಿಯಾಗಿತ್ತೆಂದು ಜಗ್ಗಿದ, ತಿರುಗಣೆ ಕಿತ್ತು ಮುಚ್ಚಳ ಅವನ ಕೈಗೇ ಬಂತು. ಅವನ ಮುಖ ಸಣ್ಣದಾಯಿತು. ಎಲ್ಲಿಂದಲೋ ಸುತಳಿ ತಂದು ಕಟ್ಟಿಕೊಟ್ಟ, ಚಹಾ ತರಿಸಿ ಕುಡಿಸಿದ, ಪೆಟ್ಟಿಗೆಗಳನ್ನು ತಾನೇ ಹೊತ್ತು ಕೊಲ್ಹಾಪುರದ ಗಾಡಿಗೆ ಏರಿಸಿದ. ಪರನಾಡಿನಲ್ಲಿ ಮೊದಲು ಸಿಕ್ಕ ಮನುಷ್ಯ ಒಳ್ಳೆಯವನೇ ಎಂದುಕೊಂಡು ಕೂತೆ. ಮುರಿದ ಮುಚ್ಚಳದ ಬಗ್ಗೆ ನಾನು ಹೆಚ್ಚು ಯೋಚಿಸಲಿಲ್ಲ.

ಕೊಲ್ಹಾಪುರ

ಪ್ರೊಫೆಸರ ಗೆಳೆಯರು ಇನಾಮದಾರ ಎಂಬ ಅಧ್ಯಾಪಕರು, ಮೆಲುದನಿಯ ಮನುಷ್ಯ. ಹೆಂಡತಿ ಬೆಳಗಾವಿಯವರಾದ್ದರಿಂದ ಕನ್ನಡ ಬರುತ್ತಿತ್ತು. ಅವರ ಬಾಯಲ್ಲಿ ನಾನು 'ವಿಮಲಾಬಾಯಿ' ಆದೆ. ಪ್ರಯೋಗಾಲಯದಲ್ಲಿ ಒಂದು ಮೇಜು, ಬೆಚ್ಚಗಿಡುವ ಪೆಟ್ಟಿಗೆಯಲ್ಲಿ ಎರಡು ಅಂತಸ್ತು ನನಗೆ ಬಿಟ್ಟುಕೊಟ್ಟರು.

ಆ ಸಂಜೆ ಅವರ ಮನೆಯವರು ನನ್ನನ್ನು ಹಾಲು ಕುಡಿಯಲು ಕರೆದುಕೊಂಡು ಹೋದರು. ಹೋಟೆಲಿಗೆಂದು ಭಾವಿಸಿದ್ದೆ. ಬೀದಿಯ ಬದಿಯಲ್ಲಿ ಎಮ್ಮೆಗಳು ಸಾಲಾಗಿ ನಿಂತಿದ್ದವು. ಜನ ಲೋಟ ಹಿಡಿದು ನಿಂತಿದ್ದರು. ಗೌಳಿ ಕೂತು ನೇರ ಲೋಟಕ್ಕೇ ಹಾಲು ಕರೆದು, ನೊರೆ ಸಮೇತ ಕೈಗೆ ಕೊಡುತ್ತಿದ್ದ. ಕಾಯಿಸದ ಹಾಲು! ಹನ್ನೊಂದು ವರ್ಷ ಕ್ರಿಮಿ ಎಣಿಸಿದವಳ ಜೀವ ಒಂದು ಗಳಿಗೆ ಹಿಂಜರಿಯಿತು. ಪಕ್ಕದ ಪೈಲ್ವಾನನೊಬ್ಬ ಒಂದೇ ಗುಟುಕಿಗೆ ಕುಡಿದು ಮೀಸೆ ಒರೆಸಿಕೊಂಡ. ಇನಾಮದಾರರ ಹೆಂಡತಿ ಆಸೆಯಿಂದ ನನ್ನ ಮುಖವನ್ನೇ ನೋಡುತ್ತಿದ್ದರು. ಕುಡಿದೆ. ಬೆಚ್ಚಗೆ, ಸಿಹಿಯಾಗಿತ್ತು. ಮರುದಿನ ಏನೂ ಆಗಲಿಲ್ಲ. ಹಾಗೆ ಏನೂ ಆಗದೇ ಇದ್ದದ್ದರಿಂದಲೇ ನನಗೊಂದು ಉಡಾಫೆ ಬಂತೋ ಏನೋ, ತಿಳಿಯದು.

ಇಚಲಕರಂಜಿ

ಇಚಲಕರಂಜಿಯನ್ನು ಕಣ್ಣಿಗಿಂತ ಮೊದಲು ಕಿವಿ ಕಾಣುತ್ತದೆ. ಬಸ್ಸಿಳಿದೊಡನೆ ಎಲ್ಲ ದಿಕ್ಕಿನಿಂದಲೂ ಖಟಖಟ ಶುರು. ಮನೆಗಳ ಮಗ್ಗುಲಲ್ಲೇ ಮಗ್ಗದ ಶೆಡ್ಡುಗಳು. ಅಲ್ಲಿ ದುಡಿಯುವವರು ಕೈಸನ್ನೆಯಲ್ಲಿ ಮಾತಾಡಿಕೊಳ್ಳುತ್ತಾರೆ, ಮನೆಗೆ ಬಂದರೆ ಕೂಗಿ ಮಾತಾಡುತ್ತಾರೆ. ಮೊದಲ ದಿನ ಎಲ್ಲರೂ ಜಗಳವಾಡುತ್ತಿದ್ದಾರೆಂದೇ ತಿಳಿದಿದ್ದೆ.

ನಾನು ಉಳಿಯಬೇಕಾಗಿದ್ದ ಮನೆ ಮಲ್ಲಪ್ಪನವರದು. ಇನಾಮದಾರರು ಯಾರ ಮೂಲಕವೋ ಹೇಳಿಸಿದ್ದರು. ಮಲ್ಲಪ್ಪ ಅಕಿವಾಟದ ಕಡೆಯವರು, ಮಗ್ಗ ನಡೆಸುತ್ತಿದ್ದರು. ಹೆಂಡತಿ ಕಲ್ಲವ್ವ ಊರ ಅಂಚಿನಲ್ಲಿ ಅರ್ಧ ಎಕರೆ ಪಾಲಿಗೆ ಹಿಡಿದು ಸೊಪ್ಪು, ಮೂಲಂಗಿ ಬೆಳೆದು ಓಣಿಯಲ್ಲಿ ಮಾರುತ್ತಿದ್ದಳು. ಅವಳ ತವರು ಕುರುಂದವಾಡದ ಹೊಳೆದಂಡೆ, ನೆರೆ ಬಿಟ್ಟುಹೋದ ಮಣ್ಣಿನಲ್ಲಿ ತರಕಾರಿ ಬೆಳೆಯುವವರ ಮನೆ.

"ಬರ್ರಿ ಬಾಯಾರ, ಒಳಗ ಬರ್ರಿ. ದೂರದಿಂದ ಬಂದೀರಿ. ಕೈಕಾಲ ತೊಳಕೊಂಡ ಊಟಕ್ಕ ಕುಂದರ್ರಿ. ಮೆಂತೇ ಪಲ್ಲೆ ನಡೀತೈತಿಲ್ರಿ ನಿಮಗ?"

ಮೆಂತ್ಯದ ಪಲ್ಯವೆಂದರೆ ನನಗೆ ಪ್ರಾಣ. ನಡೆಯುತ್ತೆ ಎಂದೆ. ತಟ್ಟೆಗೆ ಬಿಸಿ ರೊಟ್ಟಿ ಬಿತ್ತು, ಜೊತೆಗೆ ಒಂದು ಹಿಡಿ ಹಸಿ ಮೆಂತ್ಯದ ಸೊಪ್ಪು, ಉಳ್ಳಾಗಡ್ಡಿ, ಎಲೆ ಸಮೇತ ಮೂಲಂಗಿ. ಪಲ್ಯ ಇನ್ನೂ ಬರುತ್ತದೆ ಎಂದು ಕಾದೆ. ಕಲ್ಲವ್ವ ಕಾದಳು, ಯಾಕೆ ತಿನ್ನುತ್ತಿಲ್ಲ ಎಂದು. ಕೊನೆಗೆ ತಿಳಿಯಿತು. ಅಲ್ಲಿ ಸೊಪ್ಪಿಗೇ ಪಲ್ಲೆ ಎನ್ನುತ್ತಾರೆ. ನಮ್ಮ ಕಡೆ ಸೊಪ್ಪು ಎಂದರೆ ಒಲೆಯ ಮೇಲೆ ಏರಲೇಬೇಕು. ಇವರು ಹಸಿಯದನ್ನೇ ರೊಟ್ಟಿಯ ಜೊತೆ ಕರಕರ ಅಗಿಯುತ್ತಾರೆ. ಆದರೆ ಅಂದು ಮಲ್ಲಪ್ಪ ತಮ್ಮ ತಟ್ಟೆಯ ಸೊಪ್ಪು ಮುಟ್ಟಲಿಲ್ಲ.

ಊಟವಾದ ಮೇಲೆ ಕಲ್ಲವ್ವ ಅದರ ಕಾರಣ ಹೇಳಿದಳು.

"ಈ ಓಣ್ಯಾಗ ನಾಕೈದ ಮಂದಿಗೆ ಜ್ವರಾ, ಹೊಟ್ಟಿ ಕಡತಾ ಬಂತ್ರಿ. ಎಲ್ಲಾರೂ ನನ್ನ ಪಲ್ಲೆ ಮ್ಯಾಲನ ಹೇಳಾಕತ್ತಾರ. ಕಲ್ಲವ್ವನ ಪಲ್ಲೆ ತಿಂದ್ರ ದವಾಖಾನಿಗೆ ಹೋಗಬೇಕು ಅಂತ. ಹತ್ತ ವರ್ಷ ಆತ್ರಿ ನಾ ಇಲ್ಲೆ ಮಾರಾಕತ್ತು. ಈಗ ಇವರೂ ತಿನ್ನವಲ್ರು." ಗಂಡನ ಕಡೆ ನೋಡಿದಳು. "ನಮ್ಮ ನೀರಾಗ ಏನೈತಿ ಅನ್ನೂದು ನೀವ ನೋಡಿ ಹೇಳ್ರಿ ಬಾಯಾರ. ಇದ್ರ ಐತಿ ಅನ್ರಿ. ಇಲ್ಲಂದ್ರ ಇಲ್ಲ ಅನ್ರಿ."

ಮರುದಿನ ಅವಳ ತೋಟಕ್ಕೆ ಹೋದೆವು. ಓಣಿಗಳ ಕಡೆಯಿಂದ ಬರುವ ಹಳ್ಳದ ನೀರನ್ನು ಪಂಪಿನಿಂದ ಎತ್ತಿ ಒಂದು ಹೊಂಡಕ್ಕೆ ಬಿಡುತ್ತಿದ್ದರು. ಅಲ್ಲಿಂದ ಕಾಲುವೆಯಲ್ಲಿ ಮಡಿಗಳಿಗೆ. ಹೊಂಡದ ಮೇಲೆ ರವದಿಯ, ಎಂದರೆ ಕಬ್ಬಿನ ಒಣಸೋಗೆಯ, ಚಪ್ಪರ. ಬೇಸಿಗೆಯಲ್ಲಿ ನೀರು ಬತ್ತದಿರಲಿ, ಕಿತ್ತ ಸೊಪ್ಪು ತೊಳೆಯುವಾಗ ತಂಪಾಗಿರಲಿ ಎಂದು ಕಲ್ಲವ್ವನೇ ಹಾಕಿಸಿದ್ದಳು. ನೀರು ಅಲುಗದೆ ನಿಂತು ತಿಳಿಯಾಗಿತ್ತು, ತಳದ ಕೆಸರು ಮೇಲಿನಿಂದಲೇ ಕಾಣುತ್ತಿತ್ತು. ಕೆಸರು ಕದಡದಂತೆ ಮೇಲಿನ ನೀರನ್ನು ಮೆಲ್ಲಗೆ ತುಂಬಿಕೊಂಡೆ. ಹಳ್ಳದಲ್ಲಿ ಎರಡು ಬಾಟಲಿ, ಹೊಂಡದಲ್ಲಿ ನಾಲ್ಕು, ಕಾಲುವೆಯಲ್ಲಿ ಎರಡು.

ಕಬ್ಬಿನ ಗಾಡಿಗಳ ದಾರಿ

ತುಂಬಿದ ಬಾಟಲಿಗೆ ನಮ್ಮಲ್ಲಿ ಒಂದೇ ನಿಯಮ. ತಂಪಿನಲ್ಲಿ, ಕತ್ತಲಲ್ಲಿ, ಆದಷ್ಟು ಬೇಗ. ಹೊಸದಾಗಿ ಬಂದ ವಿದ್ಯಾರ್ಥಿಗಳಿಗೆಲ್ಲ ಅದನ್ನು ಹೇಳಿಕೊಡುತ್ತಿದ್ದವಳು ನಾನೇ. ಆದರೆ ಮುಚ್ಚಳ ಹೋದ ತಗಡಿನ ಪೆಟ್ಟಿಗೆಯಲ್ಲಿ ಮಂಜುಗಡ್ಡೆ ನಿಲ್ಲುತ್ತಿರಲಿಲ್ಲ. ಒಂದು ತಾಸಿನ ದಾರಿ ತಾನೇ ಎಂದು ಬಾಟಲಿಗಳನ್ನು ತಂತಿಯ ಬುಟ್ಟಿಯಲ್ಲಿ ಜೋಡಿಸಿ ಕೊಲ್ಹಾಪುರದ ಬಸ್ಸಿಗೆ ಹತ್ತಿದೆ. ಒಳಗೆ ಕಾಲಿಡಲು ಜಾಗವಿರಲಿಲ್ಲ. ಕಂಡಕ್ಟರು ಬುಟ್ಟಿ ಕಸಿದು ಮೇಲಕ್ಕೆ ಕೊಟ್ಟ.

ಅರ್ಧ ದಾರಿಯಲ್ಲಿ ಬಸ್ಸು ನಿಂತಿತು. ಮುಂದೆ ಒಂದು ಕಬ್ಬಿನ ಗಾಡಿಯ ಅಚ್ಚು ಮುರಿದು ರಸ್ತೆಗೆ ಅಡ್ಡಲಾಗಿ ಕವಚಿಕೊಂಡಿತ್ತು. ಅದರ ಹಿಂದೆ ಕಾರ್ಖಾನೆಗೆ ಹೊರಟ ಗಾಡಿಗಳ ಸಾಲು ಕಣ್ಣು ಹಾಯುವವರೆಗೆ. ಎಲ್ಲರೂ ಇಳಿದು ಬೇವಿನ ಮರದಡಿ ಕೂತೆವು. ಯಾರೂ ಬೈಯಲಿಲ್ಲ, ಗಡಿಯಾರ ನೋಡಲಿಲ್ಲ. ಗಾಡಿಯವನು ತನ್ನ ಕಷ್ಟದ ನಡುವೆಯೂ ಕಬ್ಬಿನ ಗಣೆಗಳನ್ನು ಎಳೆದೆಳೆದು ಎಲ್ಲರಿಗೂ ಹಂಚಿದ. ಒಬ್ಬಾಕೆ ಶೇಂಗಾ ಬಿಚ್ಚಿದಳು. ನನಗೆ ಮದುವೆಯಾಗಿಲ್ಲ ಎಂದು ತಿಳಿದ ಮೇಲೆ ಇಡೀ ಮರದಡಿ ನನಗೆ ಗಂಡು ಹುಡುಕತೊಡಗಿತು. ನಿಪ್ಪಾಣಿಯಲ್ಲಿ ಒಬ್ಬ ಮಾಸ್ತರನಿದ್ದಾನಂತೆ, ಸ್ವಲ್ಪ ಕುಳ್ಳ, ಆದರೆ ಗುಣವಂತ. ನಾನು ನಗುತ್ತ ಕಬ್ಬು ತಿಂದೆ. ಹೊರಡುವಾಗ ಮಧ್ಯಾಹ್ನ ಮೂರು ದಾಟಿತ್ತು. ಆ ನಾಲ್ಕು ತಾಸು ನನ್ನ ಬುಟ್ಟಿ ಬಸ್ಸಿನ ತಗಡಿನ ನೆತ್ತಿಯ ಮೇಲೆ ಫಾಲ್ಗುಣದ ಬಿಸಿಲಿನಲ್ಲಿತ್ತು. ನನಗೆ ಅದು ನೆನಪಾಗಲೇ ಇಲ್ಲ.

ಎರಡು ದಿನದ ನಂತರ ನಳಿಗೆಗಳನ್ನು ಹೊರತೆಗೆದೆವು. ಮಲದಿಂದ ಬರುವ ಕ್ರಿಮಿ ನೀರಿನಲ್ಲಿದ್ದರೆ ನಾವು ಹಾಕುವ ಕೆಂಪು ದ್ರವ ಹಳದಿಯಾಗಿ, ಒಳಗಿಟ್ಟ ಪುಟ್ಟ ನಳಿಗೆಯಲ್ಲಿ ಗಾಳಿಗುಳ್ಳೆ ಕಟ್ಟಿಕೊಳ್ಳುತ್ತದೆ. ಹೊಂಡದ ನಳಿಗೆಗಳು ಬಹುತೇಕ ಎಲ್ಲವೂ ಕೆಂಪಾಗಿಯೇ ಉಳಿದಿದ್ದವು. ಹಳ್ಳದ್ದರಲ್ಲೂ ಗುಳ್ಳೆ ಅಲ್ಲೊಂದು ಇಲ್ಲೊಂದು.

"ಬಾಟಲಿ ಹೆಂಗ ತಂದ್ರಿ?" ಎಂದು ಇನಾಮದಾರರು ಕೇಳಿದರು.

"ಬಸ್ಸಿನಲ್ಲಿ," ಎಂದೆ. ಅದು ಸುಳ್ಳಲ್ಲ.

ಗಡಹಿಂಗ್ಲಜಕ್ಕೆ ಹೋಗುವ ಮುನ್ನ ಮತ್ತೆ ಇಚಲಕರಂಜಿಗೆ ಹೋಗಿ, "ನೀರು ಚೆನ್ನಾಗಿದೆ ಕಲ್ಲವ್ವ, ಹೆದರಬೇಡಿ" ಎಂದು ಹೇಳಿಬಂದೆ. ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು. ಮಲ್ಲಪ್ಪ ಎದ್ದು ಹೋಗಿ ಬುಟ್ಟಿಯಿಂದ ಒಂದು ಮೂಲಂಗಿ ಎತ್ತಿ, ಸೆರಗಿನಷ್ಟು ಉದ್ದದ ಅದರ ಎಲೆಯ ಸಮೇತ ಕಚ್ಚಿ, "ನಮ್ಮಾಕಿ ಪಲ್ಲೆ ಭಾಳ ಚಲೋ ರೀ!" ಎಂದು ಮಗ್ಗಕ್ಕೂ ಕೇಳುವಂತೆ ಕೂಗಿದರು.

ಗಡಹಿಂಗ್ಲಜ

ಗಡಹಿಂಗ್ಲಜದ ಸುತ್ತ ಹಿರಣ್ಯಕೇಶಿಯ ನೀರು ಹಾಯಿಸುವ ಹಳ್ಳಿಗಳನ್ನು ಒಂದೊಂದಾಗಿ ನೋಡುತ್ತ ಐದನೆಯ ದಿನ ಹೊಳೆದಂಡೆಯ ಒಂದು ಹಳ್ಳಿಗೆ ಬಂದೆ. ಮಾತು ಅರ್ಧ ಮರಾಠಿ, ಅರ್ಧ ಕನ್ನಡ. ಒಂದೇ ವಾಕ್ಯದಲ್ಲಿ ಎರಡೂ ಬಂದು ಹೋಗುತ್ತಿದ್ದವು, ಆಡುವವರಿಗೆ ಅದರ ಪರಿವೆಯೇ ಇರಲಿಲ್ಲ. ನದಿ ಅಲ್ಲಿ ಕಲ್ಲುಗಳ ಮೇಲೆ ತೆಳ್ಳಗೆ ಹರಿಯುತ್ತಿತ್ತು. ನೀರು ತುಂಬಿಸುವಷ್ಟರಲ್ಲಿ ಕೊನೆಯ ಬಸ್ಸು ಹೋಗಿತ್ತು. ಹೊಲದಲ್ಲಿ ಕುರಿ ಕೂಡಿಸಿದ್ದ ಕುರುಬರ ಮನೆಯ ಲಕ್ಕವ್ವ ಎಂಬಾಕೆ ನನ್ನನ್ನು ತನ್ನ ಮನೆಗೆ ಕರೆದೊಯ್ದಳು, ಇದ್ದದ್ದರಲ್ಲಿ ಹೊಸದಾದ ಕಂಬಳಿ ಹಾಸಿಕೊಟ್ಟಳು.

ಬೆಳಿಗ್ಗೆ ಎದ್ದು ನಾನು ಕೈಕಾಲು ಕೆರೆದುಕೊಳ್ಳುತ್ತಿದ್ದುದನ್ನು ಕಂಡು ಅವಳು ನಕ್ಕುಬಿಟ್ಟಳು.

"ಚಿಗಟ ಕಡದಾವೇನ್ರಿ ಬಾಯಾರ? ಅಯ್ಯ ಶಿವನ! ತಡೀರಿ, ಕಂಬಳಿ ಬಿಸಲಾಗ ಹಾಕ್ತೇನಿ."

"ಬಿಸಿಲಿಗೆ ಹಾಕಿದರೆ ಹೋಗುತ್ತವಾ?"

"ಹೋಗದ ಏನ್ ಮಾಡ್ತಾವ್ರಿ? ತಗಡಿನ ಮ್ಯಾಲ ಹಾಕಿದ್ರ ಇನ್ನೂ ಚಲೋ. ಮಧ್ಯಾನ್ನತನಕಾ ಕಾದ್ರ ಒಂದೂ ಬದಕಂಗಿಲ್ಲ."

ಅವಳು ಕಂಬಳಿಯನ್ನು ಕೊಟ್ಟಿಗೆಯ ತಗಡಿನ ಮೇಲೆ ಹರಡಿದಳು. ನಾನು ನಗುತ್ತಲೇ ನೋಡುತ್ತಿದ್ದೆ. ನಗು ಅರ್ಧಕ್ಕೆ ನಿಂತಿತು. ತಗಡು, ಬಿಸಿಲು, ಮಧ್ಯಾಹ್ನದವರೆಗೆ. ಬಸ್ಸಿನ ನೆತ್ತಿಯ ಮೇಲಿದ್ದ ನನ್ನ ಬುಟ್ಟಿ ಕಣ್ಣ ಮುಂದೆ ಬಂತು.

ಹೊಂಡದ ನೀರು ಚೆನ್ನಾಗಿರಲಿಲ್ಲ. ದಾರಿಯಲ್ಲಿ ನಾನೇ ಅದರ ಕ್ರಿಮಿಗಳನ್ನು ಬಿಸಿಲಿಗಿಟ್ಟು ಕೊಂದಿದ್ದೆ. ಆಮೇಲೆ ಕ್ರಿಮಿಯಿಲ್ಲ ಎಂದು ಹೇಳಿ ಬಂದಿದ್ದೆ.

ಲಕ್ಕವ್ವ ರೊಟ್ಟಿ ಬಡಿಯುತ್ತ ಕೂಗಿ ಕರೆದಳು. ತಿನ್ನಲಾಗಲಿಲ್ಲ. ನೋಡಬೇಕಾದ ಇನ್ನೂ ಎರಡು ಹಳ್ಳಿಗಳಿದ್ದವು, ಅವನ್ನು ಬಿಟ್ಟು ಸಿಕ್ಕ ಮೊದಲ ಬಸ್ಸು ಹತ್ತಿದೆ.

ಮತ್ತೆ ಇಚಲಕರಂಜಿ

ಬಾಗಿಲಲ್ಲಿ ಕಲ್ಲವ್ವ 'ಬರ್ರಿ' ಎನ್ನಲಿಲ್ಲ. ಒಳಗೆ ಮಲ್ಲಪ್ಪ ಮಲಗಿದ್ದರು. ಕಣ್ಣು ಗುಳಿ ಬಿದ್ದಿದ್ದವು, ತುಟಿ ಒಣಗಿತ್ತು. ಹಿಂದಿನ ದಿನ ದವಾಖಾನೆಯಲ್ಲಿ ಸಲೈನ್ ಹಚ್ಚಿ ಕಳಿಸಿದ್ದರಂತೆ.

ನಡೆದದ್ದಿಷ್ಟು. ನಾನು ಹೇಳಿ ಹೋದ ಮರುದಿನ ಮಧ್ಯಾಹ್ನದ ರಜೆಯಲ್ಲಿ ಮಲ್ಲಪ್ಪ ಶೆಡ್ಡಿನ ಬಾಗಿಲಲ್ಲಿ ಎಲ್ಲರ ಎದುರು ಬುತ್ತಿ ಬಿಚ್ಚಿ ಕೂತಿದ್ದರು. ಹೊಂಡದಲ್ಲಿ ತೊಳೆದು ತಂದ ಸೊಪ್ಪು, ಮೂಲಂಗಿಗಳನ್ನು ಒಂದೊಂದಾಗಿ ಎತ್ತಿ ತೋರಿಸಿ, "ಮೈಸೂರಿಂದ ಬಾಯಾರ ಬಂದ ಪರೀಕ್ಷಾ ಮಾಡ್ಯಾರ. ನೋಡ್ರಿ, ತಿನ್ನಾಕತ್ತೇನಿ," ಎಂದು ತಿಂದಿದ್ದರು. ನಾಲ್ಕು ದಿನವೂ ಹಾಗೇ ತಿಂದರು. ಐದನೆಯ ದಿನ ಮಗ್ಗದ ಮುಂದೆಯೇ ಕುಸಿದು ಕೂತರು.

ನಾನು ನಿಂತೇ ಹೇಳಿದೆ, ಬಸ್ಸಿನ ಮೇಲಿನ ಬುಟ್ಟಿ, ಕಬ್ಬಿನ ಗಾಡಿ, ಬಿಸಿಲು, ಎಲ್ಲವನ್ನೂ. "ತಪ್ಪು ನನ್ನದು ಕಲ್ಲವ್ವ. ನಾನು ಹೇಳಿದ್ದು ಸರಿಯಲ್ಲ. ನೋಡದೆ ಹೇಳಿದ ಹಾಗಾಯಿತು."

ಅವಳು ಗಂಡನ ಪಾದಕ್ಕೆ ಹೊದಿಕೆ ಸರಿಮಾಡಿದಳು.

"ನಾ ನಿಮ್ಮ ಮಾತ ನಂಬಿ ಬಾಯಾರ, ನನ್ನ ಕೈಲೆ ಇವರ ಬುತ್ತಿಗೆ ಕಟ್ಟೇನಿ," ಎಂದಳು. ದನಿ ಏರಿಸಲಿಲ್ಲ. ಆ ಮನೆಯಲ್ಲಿ ಮೆಲ್ಲಗೆ ಆಡಿದ ಮಾತು ನಾನು ಕೇಳಿದ್ದು ಅದೊಂದೇ.

ಹಾಸಿಗೆಯಿಂದ ಮಲ್ಲಪ್ಪ ಕೈ ಎತ್ತಿದರು. "ಇರ್ಲಿ ಬಿಡ. ಅವರೇನ ಬೇಕಂತ ಮಾಡ್ಯಾರ? ಬಂದ ಹೇಳಾಕತ್ತಾರಲ್ಲ." ಆಮೇಲೆ ನನ್ನ ಕಡೆ ತಿರುಗಿ, "ಊಟಾ ಆತೇನ್ರಿ ನಿಮ್ಮದು?" ಎಂದರು.

ನನಗೆ ಅಳು ಬಂತು. ಅವರ ಕಾಯಿಲೆ ಆ ಸೊಪ್ಪಿನಿಂದಲೇ ಬಂತೋ ಬೇರೆ ಯಾವುದರಿಂದಲೋ, ಇವತ್ತಿಗೂ ನಾನು ಖಂಡಿತವಾಗಿ ಹೇಳಲಾರೆ. ಆದರೆ ಅವರು ಅದನ್ನು ತಿಂದದ್ದು ನನ್ನ ಮಾತಿನ ಮೇಲೆ.

ಮರುದಿನ ಬೆಳಿಗ್ಗೆ ಕಲ್ಲವ್ವ ತಾನೇ ಬುಟ್ಟಿ ತಂದು ನನ್ನ ಮುಂದಿಟ್ಟಳು. "ನಡೀರಿ, ಮತ್ತೊಮ್ಮೆ ನೋಡ್ರಿ. ಈ ಸಲ ಚಂದಂಗ ನೋಡ್ರಿ."

ಚೆನ್ನಾಗಿ ನೋಡಿದೆ. ಇಬ್ಬರು ಹೆಂಗಸರು ಹೊಂಡಕ್ಕೆ ಮೊಣಕಾಲವರೆಗೆ ಇಳಿದು ಸೊಪ್ಪು ತೊಳೆಯುತ್ತಿದ್ದರು. ಅವರ ಕಾಲಿಗೆ ಸಿಕ್ಕಿ ತಳದ ಕೆಸರೆಲ್ಲ ಹೊಗೆಯಂತೆ ಮೇಲೇಳುತ್ತಿತ್ತು. ಮೊದಲ ಸಲ ನಾನು ತುಂಬಿಕೊಂಡದ್ದು ಮೇಲಿನ ತಿಳಿಯನ್ನು, ಸೊಪ್ಪು ಮುಳುಗುತ್ತಿದ್ದದ್ದು ಈ ಕೆಸರಿನಲ್ಲಿ. ಅದೂ ನನ್ನದೇ ಎರಡನೆಯ ತಪ್ಪು. ಈಗ ಕದಡಿದ ನೀರನ್ನೂ ತುಂಬಿದೆ, ತಿಳಿಯನ್ನೂ ತುಂಬಿದೆ. ಹಳ್ಳದ್ದು, ಪಕ್ಕದ ಹೊಲದ ಬಾವಿಯದು, ಚಪ್ಪರದ ನೆರಳಿನದು, ಮಧ್ಯಾಹ್ನ ಬಿಸಿಲಲ್ಲಿ ಕಾಲುವೆಯಲ್ಲಿ ತೆಳ್ಳಗೆ ಹರಿಯುತ್ತಿದ್ದದ್ದು, ಎಲ್ಲವನ್ನೂ ಬೇರೆಬೇರೆ ಇಟ್ಟೆ.

ಕಲ್ಲವ್ವ ಕೇಳಿದಳು, "ಬಿಸಲಾಗ ಇಟ್ರ ಖರೇನ ಸಾಯ್ತಾವೇನ್ರಿ? ನನಗೂ ನೋಡಬೇಕು."

ಹಾಗಾಗಿ ಅವಳ ಮಾಳಿಗೆಯ ಮೇಲೆ ಇನ್ನೂ ಮೂರು ಬಾಟಲಿ ಇಟ್ಟೆವು. ತಿಳಿನೀರಿನ ಒಂದು ಬಾಟಲಿ ಬಿಸಿಲಿಗೆ, ಅದೇ ತಿಳಿನೀರು ಒದ್ದೆ ಗೋಣಿಯಲ್ಲಿ ಸುತ್ತಿ ಒಂದು, ಕೆಸರು ನೀರಿನ ಒಂದು ಬಿಸಿಲಿಗೆ. ಸಂಜೆಯ ಬಸ್ಸಿನಲ್ಲಿ ಎಲ್ಲವನ್ನೂ ಒದ್ದೆ ಗೋಣಿಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡೆ. ಕಂಡಕ್ಟರು ಕೈ ಚಾಚಿದಾಗ ಎಂಥ ಮುಖ ಮಾಡಿದೆನೋ, ಹಿಂದೆ ಸರಿದ.

ಕೊಲ್ಹಾಪುರ, ಎರಡು ದಿನ

ಇನಾಮದಾರರಿಗೂ ಎಲ್ಲ ಹೇಳಿದೆ. ಕನ್ನಡಕ ತೆಗೆದು ಒರೆಸಿಕೊಂಡರು. "ಹೋತಂ ಅಸಂ," ಎಂದರು. ಹೀಗೆ ಆಗುತ್ತದೆ ಎಂದು. "ನನ್ನ ಕೈಯಿಂದ ಏನೇನ ಹಾಳಾಗ್ಯಾವ, ಎಲ್ಲಾ ನನಗ ಗೊತ್ತಾಗಿಲ್ಲ. ನಿಮಗ ಗೊತ್ತಾತು."

ಪ್ರೊಫೆಸರಿಗೆ ಉದ್ದದ ಕಾಗದ ಬರೆದೆ, ರಜೆ ಬೇಕೆಂದೂ ಬರೆದೆ. ಉತ್ತರ ಒಂದು ಕಾರ್ಡಿನಲ್ಲಿ ಬಂತು. "ದಾಖಲೆಯಲ್ಲಿ ಮೊದಲ ಫಲದ ಸಾಲನ್ನು ಹೊಡೆದುಹಾಕಬೇಡಿ. ಪಕ್ಕದಲ್ಲಿ ನಡೆದದ್ದನ್ನು ಬರೆಯಿರಿ. ಬೇಕಾದಷ್ಟು ದಿನ ಇದ್ದು ಬನ್ನಿ." ಆ ಕಾರ್ಡು ಬಂದದ್ದು ವಾರದ ಮೇಲೆ. ಅಷ್ಟರಲ್ಲಿ ನಳಿಗೆಗಳು ಉತ್ತರ ಹೇಳಿಯಾಗಿತ್ತು.

ಗೋಣಿಯಲ್ಲಿ ಸುತ್ತಿದ್ದ ತಿಳಿನೀರು, ಎಲ್ಲ ನಳಿಗೆಯೂ ಹಳದಿ, ಎಲ್ಲದರಲ್ಲೂ ಗುಳ್ಳೆ. ಬಿಸಿಲಿಗಿಟ್ಟ ಅದೇ ನೀರು ಬಹುಮಟ್ಟಿಗೆ ಕೆಂಪಾಗಿಯೇ ಇತ್ತು. ಬಿಸಿಲಿಗಿಟ್ಟ ಕೆಸರು ನೀರು ಮತ್ತೆ ಹಳದಿ. ಕೆಸರಿನ ಕಣಗಳ ಮರೆಯಲ್ಲಿ ಕೂತ ಕ್ರಿಮಿಗಳನ್ನು ಬಿಸಿಲು ಮುಟ್ಟಿರಲಿಲ್ಲ. ಅಂದು ತಂದದ್ದರಲ್ಲಿ ಕಾಲಿನಿಂದ ಕದಡಿದ ಹೊಂಡದ ನೀರಿನಷ್ಟು ಕೆಟ್ಟದ್ದು ಹಳ್ಳದ್ದೂ ಇರಲಿಲ್ಲ. ತೆಳ್ಳಗೆ ಬಿಸಿಲಲ್ಲಿ ಹರಿಯುವ ಕಾಲುವೆಯದು ಎಲ್ಲಕ್ಕಿಂತ ವಾಸಿ. ಕಲ್ಲವ್ವ ನೀರು ತಂಪಾಗಿರಲೆಂದು ಹಾಕಿಸಿದ ಚಪ್ಪರ ಕ್ರಿಮಿಗಳಿಗೂ ನೆರಳು ಕೊಟ್ಟಿತ್ತು. ಮೂರು ನಳಿಗೆಗಳನ್ನು ಬಟ್ಟೆಯಲ್ಲಿ ಸುತ್ತಿ, ಅವಳಿಗೆ ತೋರಿಸಲೆಂದು ತೆಗೆದುಕೊಂಡೆ.

ಓಣಿ

ಕಲ್ಲವ್ವ ಮೂರು ನಳಿಗೆಗಳನ್ನು ಬೆಳಕಿಗೆ ಹಿಡಿದು ನೋಡಿದಳು. ತುಂಬ ಹೊತ್ತು ನೋಡಿದಳು. "ಇದು ನೆಳ್ಳಿನಾಗಿಂದು. ಇದು ಬಿಸಲಾಗಿಂದು. ಇದು ರಾಡಿ," ಎಂದು ತಾನೇ ಹೇಳಿಕೊಂಡಳು. "ಈಗ ಏನ್ ಮಾಡೂಣು?"

ನನಗೆ ತಿಳಿದದ್ದನ್ನು ಹೇಳಿದೆ. ಚಪ್ಪರ ತೆಗೆಯುವುದು, ಕೆಸರು ಎತ್ತಿಸುವುದು, ಹೊಂಡಕ್ಕೆ ಯಾರೂ ಇಳಿಯದಿರುವುದು. ನೀರನ್ನು ಎಲೆಯ ಮೇಲೆ ಚೆಲ್ಲದೆ ಬುಡಕ್ಕೆ ಬಿಡುವುದು. ಕೀಳುವ ಮುಂಚೆ ಎರಡು ಮೂರು ದಿನ ನೀರು ನಿಲ್ಲಿಸಿ, ಬಿಸಿಲು ಕಾಯಲು ಬಿಡುವುದು. ತೊಳೆಯುವುದಕ್ಕೆ ಪಕ್ಕದ ಹೊಲದವರ ಬಾವಿಯ ನೀರು. ಅದನ್ನೂ ಪರೀಕ್ಷೆ ಮಾಡಿದ್ದೆ, ಅದು ಶುದ್ಧವಿತ್ತು. "ಹಳ್ಳದ ನೀರು ಹಳ್ಳದ್ದೇ. ಇದರಿಂದ ಕಡಿಮೆಯಾಗುತ್ತೆ. ಪೂರ್ತಿ ಹೋಗುತ್ತೆ ಅಂತ ನಾನು ಹೇಳಲ್ಲ. ಅಲ್ಲಿಯವರೆಗೂ ಹಸಿಯಾಗಿ ತಿನ್ನಬಾರದು, ಬೇಯಿಸಿ ತಿನ್ನಬೇಕು."

"ಅದನ್ನ ಓಣ್ಯಾಗ ಬಂದ ಹೇಳ್ರಿ," ಎಂದಳು.

ಸಂಜೆ ನೀರಿನ ನಲ್ಲಿಯ ಬಳಿ ಹೆಂಗಸರು ಸೇರಿದ್ದರು. ಕಲ್ಲವ್ವನನ್ನು ಕಂಡು ಕೆಲವರು ಮುಖ ತಿರುಗಿಸಿದರು. ನಾನು ಕೊಡಗಳ ನಡುವೆ ನಿಂತು, ಹೇಗೆ ತಪ್ಪಾಯಿತು ಎಂದು ಹೇಳತೊಡಗಿದೆ. ಎರಡು ವಾಕ್ಯ ಮುಗಿಯುವಷ್ಟರಲ್ಲಿ ಒಬ್ಬ ಮುದುಕಿ, "ಏನಂತಾಳವಾ ಇಕಿ? ಕನ್ನಡಾನ ಹೌದಿಲ್ಲ ಇದು?" ಎಂದು ಕೇಳಿದಳು. ಎಲ್ಲರೂ ನಕ್ಕರು.

ಆಗ ಕಲ್ಲವ್ವ ಮುಂದೆ ಬಂದಳು. ನಾನು ಹೇಳುವುದು, ಅವಳು ಅದನ್ನು ಓಣಿಯ ಕನ್ನಡಕ್ಕೆ ತಿರುಗಿಸುವುದು, ಮರಾಠಿಯವರಿಗಾಗಿ ಮತ್ತೊಮ್ಮೆ ಮರಾಠಿಯಲ್ಲಿ ಹೇಳುವುದು. ನನ್ನ ತಪ್ಪೊಪ್ಪಿಗೆಯನ್ನು ಅವಳ ಬಾಯಿಂದ ಎರಡು ಭಾಷೆಯಲ್ಲಿ ಕೇ‍ಳುತ್ತ ನಿಂತಿದ್ದೆ. "ಬಾಟಲಿ ಬಿಸಲಾಗ ಇಟ್ಟ ಕೆಡಿಸ್ಯಾರಂತ. ಅದಕ್ಕ ನೀರ ಚಲೋ ಐತಿ ಅಂತ ತಪ್ಪ ಹೇಳ್ಯಾರಂತ. ತಪ್ಪ ತಮ್ಮದಂತ," ಎಂದಳು. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ.

"ಅದು ಇವರ ಮಾತಾತು. ಇನ್ನ ನನ್ನದ ಕೇಳ್ರಿ. ಹೊಂಡ ನನ್ನದು. ಅದರ ಮ್ಯಾಲ ಚಪ್ಪರಾ ಹಾಕಿದಾಕಿ ನಾನ. ಅದರಾಗ ತೊಳಿಸಿ ನಿಮಗ ಕೊಟ್ಟಾಕಿ ನಾನ. ನನಗ ಗೊತ್ತಿರಲಿಲ್ಲ. ಗೊತ್ತಿದ್ರ ನನ್ನ ಗಂಡಗ ತಿನ್ನಸ್ತಿದ್ದಿಲ್ಲ."

ಯಾರೂ ನಗಲಿಲ್ಲ.  ಮುದುಕಿ ತನ್ನ ಕೊಡ ಎತ್ತಿಕೊಂಡು ಹೋಗುವಾಗ ಕೇಳಿದಳು, "ಮಲ್ಲಪ್ಪ ಈಗ ಹೆಂಗ ಅದಾನ?"

"ಗಂಜಿ ಕುಡದಾರ್ರಿ ಅತ್ತಿ. ಇವತ್ತ ಎದ್ದ ಕುಂತಾರ," ಎಂದಳು ಕಲ್ಲವ್ವ. ಆಗ ಮೊದಲ ಸಲ ಅವಳ ದನಿ ಒಡೆಯಿತು.

ಆ ವಾರ ಅವಳು ರವದಿಯ ಚಪ್ಪರವನ್ನು ತಾನೇ ಕಿತ್ತಳು. ಇಬ್ಬರು ಹೆಂಗಸರೊಂದಿಗೆ ನಾನೂ ಸೀರೆ ಎತ್ತಿ ಕಟ್ಟಿ ಕೆಸರು ಹೊತ್ತೆ. ಬಾವಿಯವರು ಮೊದಲು ಗೊಣಗಿದರು, ಆಮೇಲೆ ತೊಳೆಯುವುದಕ್ಕೆ ಒಂದು ಕಲ್ಲಿನ ತೊಟ್ಟಿಯನ್ನೇ ಬಿಟ್ಟುಕೊಟ್ಟರು. ಮಲ್ಲಪ್ಪ ಮೆಲ್ಲನೆ ಓಡಾಡತೊಡಗಿದರು. ಮಗ್ಗಕ್ಕೆ ಹೋದ ಮೊದಲ ದಿನ, ಶೆಡ್ಡಿನವರು ಕೈಸನ್ನೆಯಲ್ಲಿ ಹೊಟ್ಟೆ ಹಿಡಿದು ಓಡುವವನಂತೆ ನಟಿಸಿ ತಮಾಷೆ ಮಾಡಿದರೆಂದು ಬಂದು ಹೇಳಿ ತಾವೇ ನಕ್ಕರು.

ಹೊರಡುವ ದಿನ

ಕೊನೆಯ ಪರೀಕ್ಷೆಯ ಫಲ ಹೇಳಲು ಕೊಲ್ಹಾಪುರದಿಂದ ಇನ್ನೊಮ್ಮೆ ಹೋದೆ. ಬೆಳಗಿನ ಹೊತ್ತು. ಕಲ್ಲವ್ವ ಬುಟ್ಟಿ ತುಂಬಿಕೊಂಡು ಓಣಿಗೆ ಹೊರಟಿದ್ದಳು. ನಡೆಯುತ್ತಲೇ ಹೇಳಿದೆ, ಹೊಂಡದ ನಳಿಗೆಗಳಲ್ಲಿ ಗುಳ್ಳೆ ಅರ್ಧಕ್ಕಿಂತ ಕಡಿಮೆಯಾಗಿವೆ. ಆದರೆ ಇವೆ.

"ಪೂರ್ತಿ ಹೋಗಿಲ್ಲ?"

"ಇಲ್ಲ. ಮಳೆ ಶುರುವಾದರೆ ಮತ್ತೆ ಹೆಚ್ಚೂ ಆಗಬಹುದು. ಊರಿನ ಕೊಳೆಯೆಲ್ಲ ಹಳ್ಳಕ್ಕೆ ಬರುತ್ತೆ, ಬಿಸಿಲೂ ಇರಲ್ಲ."

ಬೇಸರವಾಗುತ್ತದೆ ಎಂದು ಹೆದರಿದ್ದೆ. ಚೆನ್ನಾಗಿದೆ ಎಂದು ಹೇಳಿ ಹೋಗುವ ಆಸೆ ಮೈಸೂರಿನಿಂದ ಬಂದವಳಿಗೆ ಎಷ್ಟಿತ್ತೋ ಅವಳಿಗೇನು ಗೊತ್ತು! ಅವಳು ತಲೆಯ ಮೇಲಿನ ಬುಟ್ಟಿ ಸರಿಮಾಡಿಕೊಂಡು, "ಹಂಗಾರ ಹಂಗ ಹೇಳೂಣು," ಎಂದಳಷ್ಟೆ.

ಓಣಿಯ ಬಾಯಲ್ಲಿ ಮಗ್ಗಗಳ ಸದ್ದು ಎದೆಗೆ ಬಡಿಯುತ್ತಿತ್ತು. ಕಲ್ಲವ್ವ ಒಂದು ಕೈ ಬುಟ್ಟಿಗೆ ಕೊಟ್ಟು, ಆ ಸದ್ದನ್ನೆಲ್ಲ ಮೀರಿ ಕೂಗಿದಳು:

"ಮೆಂತೇ ಪಲ್ಲೇ... ಕುದಿಸಿ ತಿನ್ನೂ ಮೆಂತೇ ಪಲ್ಲೇ... ಹಸೀದ ತಿನಬ್ಯಾಡ್ರೀ..."

ಒಂದೆರಡು ಬಾಗಿಲು ತೆರೆದು ಮತ್ತೆ ಮುಚ್ಚಿಕೊಂಡವು. ಅವಳು ಮುಂದೆ ನಡೆದು ಮರಾಠಿಯಲ್ಲಿ ಕೂಗಿದಳು, "ಮೇಥೀ ಘ್ಯಾ... ಶಿಜವೂನ್ ಖಾ..."

ಮೂರನೆಯ ಮನೆಯ ಹೆಂಗಸು ಹಿಟ್ಟಿನ ಕೈಯಲ್ಲೇ ಹೊರಗೆ ಬಂದು, ಬುಟ್ಟಿ ಇಳಿಸಲು ಸನ್ನೆ ಮಾಡಿದಳು.